ವಯನಾಡಿನ ತೊರೆಯ ಬಳಿ ಒಂದು ಹಗಲು

(ಶಾಲೆಯ ಶತಮಾನೋತ್ಸವದ ಎರಡನೆಯ ದಿನ, ಪೋಷಕರ ಹಾಗೂ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಕುರಿತು ಮಾತನಾಡುವಾಗ ಕಟ್ಟಡ ಎದ್ದ ಕಥೆ, ದಾನಿಗಳ ಔದಾರ್ಯ, ಗುರುಪರಂಪರೆಯ ಸ್ಮರಣೆ ಇವುಗಳನ್ನು ಹೇಳುವುದು ರೂಢಿ. ಅವೆಲ್ಲವನ್ನೂ ಬಲ್ಲವರು ನಿನ್ನೆಯ ಸಭೆಯಲ್ಲಿ ಹೇಳಿದ್ದಾರೆ. ಇಂದು ನಾವು ನಿಮ್ಮ ಮುಂದಿಡುವುದು ಒಂದು ದಿನದ ವೃತ್ತಾಂತವನ್ನು ಮಾತ್ರ. ಕಳೆದ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಎಂಟು ಮತ್ತು ಒಂಬತ್ತನೆಯ ತರಗತಿಯ 24 ಮಕ್ಕಳು, ಮೂವರು ಶಿಕ್ಷಕರು, ಇಬ್ಬರು ಪೋಷಕರು ವಯನಾಡಿಗೆ ಹೋಗಿ ಹಾವು, ಹಲ್ಲಿ, ಕಪ್ಪೆಗಳನ್ನು ಹುಡುಕಿ ನೋಡಿ ಬಂದೆವು.

ಆ ಪ್ರವಾಸದ ಸೂಚನಾಪತ್ರ ಮನೆಗಳಿಗೆ ತಲುಪಿದ ಮರುದಿನವೇ ಕೆಲವು ತಾಯಂದಿರು ಶಾಲೆಗೆ ಬಂದರು. "ಮೇಡಂ, ಹಿತ್ತಲಿಗೆ ಬಂದ ಹಾವನ್ನು ಓಡಿಸುವುದೇ ನಮಗೆ ದೊಡ್ಡ ಕೆಲಸ. ದುಡ್ಡು ಖರ್ಚು ಮಾಡಿ ಅದನ್ನು ಹುಡುಕಿಕೊಂಡು ಹೋಗಬೇಕೇ?" ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಅಂದು ಕಚೇರಿಯಲ್ಲಿ ನಿಂತು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪೂರ್ಣವಾದ ಉತ್ತರವನ್ನು ಇಂದು ಹೇಳಲು ಅನುಮತಿ ಬೇಡುತ್ತೇವೆ.

ಮೊದಲಿಗೆ, ವಯನಾಡೇ ಏಕೆ? ಗುಂಡ್ಲುಪೇಟೆಯಿಂದ ಹೊರಟು ಬಂಡೀಪುರದ ಕಾಡನ್ನು ಹಾಯ್ದು, ಮೂಲೆಹೊಳೆಯ ತನಿಖಾ ಠಾಣೆಯನ್ನು ದಾಟಿದರೆ ಕೇರಳದ ಮುತ್ತಂಗ. ಅಲ್ಲಿಂದ ಮುಂದೆ ಸುಲ್ತಾನ್ ಬತ್ತೇರಿ. ಗಡಿಯ ಗೆರೆ ನಕ್ಷೆಯಲ್ಲಿದೆ, ಕಾಡು ಒಂದೇ. ಬಂಡೀಪುರ, ನಾಗರಹೊಳೆ, ಮುದುಮಲೈ ಮತ್ತು 1973ರಲ್ಲಿ ಘೋಷಿತವಾದ ವಯನಾಡು ವನ್ಯಜೀವಿಧಾಮ ಇವು ಒಂದಕ್ಕೊಂದು ಹೊಂದಿಕೊಂಡಿವೆ. ನೀರಿನ ನಂಟು ಇನ್ನೂ ಹತ್ತಿರದ್ದು. ವೈತಿರಿಯ ಸಮೀಪದ ಪೂಕೋಡು ಸರೋವರದ ಕಡೆಯಿಂದ ಹರಿದುಬರುವ ಪನಮರಂ ಹೊಳೆ ಮಾನಂತವಾಡಿಯ ಹೊಳೆಯನ್ನು ಕೂಡಿ ಕಬಿನಿಯಾಗುತ್ತದೆ. ಅದೇ ಕಬಿನಿ ಹೆಗ್ಗಡದೇವನಕೋಟೆಯ ಸೀಮೆಗೆ ಇಳಿದು, ನಂಜನಗೂಡಿನಲ್ಲಿ ಕಪಿಲೆ ಎನಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಂಜುಂಡೇಶ್ವರನ ಸನ್ನಿಧಿಯಲ್ಲಿ ನಾವು ಮುಳುಗಿ ಏಳುವ ನೀರು ಮೊದಲು ವಯನಾಡಿನ ಕಪ್ಪೆಗಳ ಮನೆಯಂಗಳವನ್ನು ಹಾದು ಬಂದಿರುತ್ತದೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಹೋಗಿ ನೋಡೋಣ ಎಂಬ ಆಸೆ ಹುಟ್ಟಿದ್ದು ಆ ನಗುವಿನಿಂದಲೇ.

ಈ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ ಎಂಬುದು ನಿಮಗೆ ತಿಳಿದದ್ದೇ. ಹೀಗಾಗಿ ನಮ್ಮ ದಿನದ ಆದಿ ಅಂತ್ಯಗಳೆರಡನ್ನೂ ಕಾಡೇ ಗೊತ್ತುಮಾಡಿತು. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ನಮ್ಮ ಬಸ್ಸು ಅಲ್ಲಿದ್ದಿತು. ರಾತ್ರಿ 9ಕ್ಕೆ ಮೊದಲು ಹಿಂದಿರುಗಬೇಕಿತ್ತು. ವೈತಿರಿಯ ಕಡೆಯ ಒಂದು ಕಾಫಿ, ಏಲಕ್ಕಿ ತೋಟದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಓಡಾಡಿದೆವು. ವನ್ಯಜೀವಿಧಾಮದೊಳಗೆ ಕಾಲಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು, ಉಡ ಮೊದಲಾದ ಪ್ರಾಣಿಗಳನ್ನು ಹಿಡಿಯುವುದು ಅಪರಾಧ ಎಂಬುದನ್ನು ಮಕ್ಕಳಿಗೆ ಮೊದಲೇ ಓದಿ ಹೇಳಿದ್ದೆವು. ನಿಯಮಗಳು ಐದೇ ಇದ್ದವು: ಯಾವುದನ್ನೂ ಮುಟ್ಟಬಾರದು, ಕಣ್ಣು ನೋಡದ ಕಡೆ ಕೈ, ಕಾಲು ಇಡಬಾರದು, ಎತ್ತಿ ನೋಡಿದ ಮರದ ತುಂಡನ್ನು ಇದ್ದಂತೆಯೇ ಮರಳಿ ಇಡಬೇಕು, ಎತ್ತುವುದು ದೊಡ್ಡವರ ಕೆಲಸ, "ನಿಲ್ಲಿ" ಎಂದು ಯಾರೇ ಹೇಳಿದರೂ ಇಟ್ಟ ಹೆಜ್ಜೆಯಲ್ಲಿಯೇ ನಿಲ್ಲಬೇಕು, ಹೆಸರು ಖಚಿತವಾಗಿ ತಿಳಿಯದಿದ್ದರೆ "ತಿಳಿಯದು" ಎಂದು ಬರೆಯಬೇಕು. ಪ್ರತಿವಿಷ ದೊರೆಯುವ ಆಸ್ಪತ್ರೆ ಎಲ್ಲಿದೆ, ತೋಟದ ಬಾಗಿಲಿನಿಂದ ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಹಿಂದಿನ ವಾರವೇ ವಿಚಾರಿಸಿ ಬರೆದುಕೊಂಡಿದ್ದೆವು. ಬಸ್ಸಿನ ಚಾಲಕರು ದಿನವಿಡೀ ವಾಹನ ಬಿಟ್ಟು ಕದಲಲಿಲ್ಲ.

ದಾರಿ ತೋರಲು ಬಂದವರು ಕಾಟುನಾಯ್ಕ ಸಮುದಾಯದ ಹಿರಿಯರೊಬ್ಬರು. ಈ ಸಮುದಾಯದ ಮಾತು ಕನ್ನಡದ ಬಳಗಕ್ಕೆ ಸೇರಿದ್ದು. ನಮ್ಮ ಕಡೆಯ ಜೇನುಕುರುಬರ ನುಡಿಗೆ ಬಲು ಹತ್ತಿರ. ಮಲಯಾಳ ಬಾರದ ನಮ್ಮ ಮಕ್ಕಳು ಅವರನ್ನು "ಅಜ್ಜಾ" ಎಂದು ಕರೆದರು, ಅವರು ಇವರನ್ನು "ಮಕ್ಕಳೇ" ಎಂದರು. ಅರ್ಧ ಗಂಟೆಯೊಳಗೆ ಭಾಷೆಯ ಗೋಡೆ ಇಲ್ಲವಾಯಿತು.

ಬೆಳಗಿನ ಬಿಸಿಲು ಮರಗಳ ಕಾಂಡಕ್ಕೆ ಬೀಳುತ್ತಿದ್ದಾಗ ಅಜ್ಜ ಒಂದು ಅಡಿಕೆ ಮರದ ಮುಂದೆ ನಿಂತರು. ನಾವು ನೋಡಿದೆವು, ತೊಗಟೆಯ ಹೊರತು ಏನೂ ಕಾಣಲಿಲ್ಲ. ಎರಡು ನಿಮಿಷದ ಬಳಿಕ ತೊಗಟೆಯ ಒಂದು ತುಣುಕು ಗಂಟಲಿನಿಂದ ಹಳದಿಯ ಪಟ್ಟಿಯೊಂದನ್ನು ಚಾಚಿ ಮಡಿಸಿತು. ಅದು ಹಾರುವ ಓತಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಹೆಸರು ಹೊಸದಲ್ಲ. 1980ರಲ್ಲಿ ಆ ಕಾದಂಬರಿ ಬಂದಂದಿನಿಂದ ಕನ್ನಡ ಓದುಗರ ಮನಸ್ಸಿನಲ್ಲಿ ಅದು ಹಾರುತ್ತಲೇ ಇದೆ. ಆದರೆ ಮರದ ಮೇಲೆ ಕುಳಿತದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದು ನಮ್ಮೆದುರೇ ಮರದಿಂದ ಜಿಗಿಯಿತು. ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡವು, ಅವುಗಳ ನಡುವಿನ ಚರ್ಮ ಹರಡಿಕೊಂಡಿತು. ತೇಲಿಹೋಗಿ ಆಚೆಯ ಮರಕ್ಕೆ ಅಂಟಿಕೊಂಡಿತು. ಪಠ್ಯಪುಸ್ತಕದಲ್ಲಿ "ಹೊಂದಾಣಿಕೆ" ಎಂಬ ಪದಕ್ಕೆ ನಾವು ಕೊಡುವ ಎಲ್ಲ ವಿವರಣೆಗಿಂತ ಆ ಮೂರು ಕ್ಷಣಗಳು ಹೆಚ್ಚು ಹೇಳಿದವು.

ಮುಂದೆ ಕಾಫಿ ಗಿಡದ ಕೊಂಬೆಯಲ್ಲಿ ಒಂದು ಹಸಿರುಹಾವು ಬಳ್ಳಿಯಂತೆ ಚಾಚಿಕೊಂಡಿತ್ತು. ಅದು ಮನುಷ್ಯರ ಕಣ್ಣನ್ನೇ ಕುಕ್ಕುತ್ತದೆ ಎಂಬ ಮಾತನ್ನು ನಮ್ಮ ಮಕ್ಕಳೂ ಕೇಳಿ ಬೆಳೆದವರು. ಹತ್ತು ನಿಮಿಷ ನೋಡಿದೆವು. ಅದು ಗಾಳಿಗೆ ಎಲೆ ಅಲುಗಿದಂತೆ ತಾನೂ ಅಲುಗುತ್ತಿತ್ತೇ ಹೊರತು ಯಾರ ಕಣ್ಣಿನ ಗೊಡವೆಗೂ ಬರಲಿಲ್ಲ. ಹಲ್ಲಿ, ಓತಿಗಳೇ ಅದರ ಆಹಾರ. ತರಗೆಲೆಯಲ್ಲಿ ಹಾವುರಾಣಿಗಳು ಸರಿದವು. ಕಲ್ಲುಸೇತುವೆಯ ಅಡಿಯಲ್ಲಿ ಹಗಲು ಹೊತ್ತಿನಲ್ಲೇ ಓಡಾಡುವ ಪುಟ್ಟ ಹಲ್ಲಿಗಳಿದ್ದವು. ಮನೆಯ ಹಲ್ಲಿಯ ಕಣ್ಣಿನ ಪಾಪೆ ಸೀಳಿನಂತಿದ್ದರೆ ಇವುಗಳದು ದುಂಡಗಿರುತ್ತದೆ ಎಂಬುದನ್ನು ಮಕ್ಕಳು ದುರ್ಬೀನಿನಲ್ಲಿ ನೋಡಿ ಗುರುತಿಸಿದರು. ಈ ಗುಂಪಿನ ಒಂದು ಪ್ರಭೇದಕ್ಕೆ ವಯನಾಡಿನ ಹೆಸರೇ ಇದೆ. ಮದರಾಸು ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ 1870ರಲ್ಲಿ ಅದನ್ನು ವಿವರಿಸಿದರು. ಮಣ್ಣಿನೊಳಗೆ ಬಾಳುವ ಕಪ್ಪು ಹಾವೊಂದಕ್ಕೆ 1863ರಲ್ಲಿ ವಯನಾಡಿನ ಹೆಸರಿಟ್ಟವರೂ ಅವರೇ. ನಾವು ಕಂಡ ಹಲ್ಲಿ ಅದೇ ಪ್ರಭೇದದ್ದೇ ಎಂದು ಹೇಳುವಷ್ಟು ಜ್ಞಾನ ನಮಗಿರಲಿಲ್ಲ. ಮಕ್ಕಳು ನಿಯಮದಂತೆ "ತಿಳಿಯದು" ಎಂದು ಬರೆದರು.

ತೊರೆಯ ಬಳಿಗೆ ಬಂದಾಗ ಹನ್ನೊಂದು ಗಂಟೆ. ಇಂಬಳಗಳ ಕಾಟಕ್ಕೆ ಉಪ್ಪಿನ ಪೊಟ್ಟಣ, ಹೊಗೆಸೊಪ್ಪಿನ ನೀರು ಸಿದ್ಧವಾಗಿದ್ದರೂ ರಕ್ತ ಕೊಡದೆ ಉಳಿದವರು ಯಾರೂ ಇಲ್ಲ. ತೊರೆಯ ನೀರು ಬಂಡೆಗಳಿಗೆ ಬಡಿದು ಎಷ್ಟು ಸದ್ದು ಮಾಡುತ್ತಿತ್ತೆಂದರೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಂಥ ಸದ್ದಿನಲ್ಲಿ ಬಾಳುವ ಕಪ್ಪೆ ತನ್ನ ಇರವನ್ನು ಇತರ ಕಪ್ಪೆಗಳಿಗೆ ತಿಳಿಸುವುದು ಹೇಗೆ? ಹೆಬ್ಬೆರಳ ತುದಿಯಷ್ಟು ದೊಡ್ಡ ಕಪ್ಪೆಯೊಂದು ಒದ್ದೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಮೇಲೆತ್ತಿ, ಬೆರಳುಗಳನ್ನು ಹರಡಿ, ಬೀಸಿ ಇಳಿಸಿತು. ಸ್ವಲ್ಪ ತಡೆದು ಇನ್ನೊಂದು ಕಾಲನ್ನು ಬೀಸಿತು. ಕೂಗು ಮುಟ್ಟದ ಕಡೆ ಸನ್ನೆ ಮುಟ್ಟುತ್ತದೆ. ಇವನ್ನು ಕುಣಿಯುವ ಕಪ್ಪೆಗಳು ಎನ್ನುತ್ತಾರೆ. ಪಶ್ಚಿಮಘಟ್ಟದ ಹೊರತು ಬೇರೆಲ್ಲೂ ಈ ಕುಲ ಇಲ್ಲ. 2014ರಲ್ಲಿ ಎಸ್. ಡಿ. ಬಿಜು ಅವರ ತಂಡ ಈ ಒಂದೇ ಕುಲದಲ್ಲಿ 14 ಹೊಸ ಪ್ರಭೇದಗಳನ್ನು ಲೋಕಕ್ಕೆ ಪರಿಚಯಿಸಿತು. ಮಡುವಿನಲ್ಲಿ ಕರಿಯ ಗೊದಮೊಟ್ಟೆಗಳು ಹಿಂಡುಗಟ್ಟಿ ಒಂದೇ ದಿಕ್ಕಿಗೆ ಈಜುತ್ತಿದ್ದವು.

ಊಟದ ಹೊತ್ತಿನಲ್ಲಿ, ಚಿತ್ರಾನ್ನದ ಡಬ್ಬಿಗಳನ್ನು ಬಿಚ್ಚಿಕೊಂಡು ಕುಳಿತಾಗ, ಮಕ್ಕಳಿಗೆ ಎರಡು ಕಪ್ಪೆಗಳ ಕಥೆ ಹೇಳಿದೆವು. ಒಂದು, ಅಲ್ಲಿಯೇ ವಯನಾಡಿನ ಕುರಿಚಿಯರ್ಮಲ ಬೆಟ್ಟದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ವಿಜಯಕುಮಾರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಬೆಟ್ಟ ಬೆಟ್ಟಗಳನ್ನು ಹತ್ತಿ ಕಪ್ಪೆಗಳ ಸಮೀಕ್ಷೆ ನಡೆಸುತ್ತಿದ್ದಾಗ, 2010ರಲ್ಲಿ, ತರಗೆಲೆಗಳ ಅಡಿಯಲ್ಲಿ ಅದು ಸಿಕ್ಕಿತು. ಮೂರು ಸೆಂಟಿಮೀಟರಿಗೂ ಮೀರದ ಮೈ, ಕಂದು ಬೆನ್ನು, ಕಿತ್ತಳೆ ಬಣ್ಣದ ಹೊಟ್ಟೆ, ಮೈಮೇಲೆ ನಕ್ಷತ್ರ ಚೆಲ್ಲಿದಂತೆ ತಿಳಿನೀಲಿಯ ಚುಕ್ಕಿಗಳು. ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ 2019ರಲ್ಲಿ ಅದನ್ನು ಪ್ರಕಟಿಸಿದರು. ತನ್ನ ಹತ್ತಿರದ ಬಂಧುಗಳಿಂದ ಅದು ಅಗಲಿ ಸುಮಾರು ಆರು ಕೋಟಿ ವರ್ಷಗಳಾಗಿವೆ. ಒಂದು ಹೊಸ ಉಪಕುಟುಂಬವನ್ನೇ ಅದಕ್ಕಾಗಿ ರಚಿಸಬೇಕಾಯಿತು. ಬೆಟ್ಟದ ಹೆಸರಿನ ಮೂಲಕ ಕುರಿಚ್ಯ ಸಮುದಾಯದ ಹೆಸರು ಆ ಕಪ್ಪೆಗೆ ಸಂದಿತು. ಇನ್ನೊಂದು ನಮ್ಮ ಉತ್ತರ ಕನ್ನಡದ್ದು. ಇಟ್ಟ ಮೊಟ್ಟೆಗಳಿಗೆ ಗಂಡುಕಪ್ಪೆ ತನ್ನ ಮುಂಗೈಯಿಂದ ಕೆಸರು ಮೆತ್ತಿ ಕಾಯುತ್ತದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ವಿವರಿಸಿ, ವೈಜ್ಞಾನಿಕ ಹೆಸರಿನಲ್ಲಿಯೇ "ಕುಂಬಾರ" ಎಂಬ ಕನ್ನಡ ಪದವನ್ನು ಇಟ್ಟರು. "ನಮ್ಮ ಮಾತು ಜಗತ್ತಿನ ಪುಸ್ತಕದಲ್ಲಿದೆಯೇ?" ಎಂದು ಒಬ್ಬ ಹುಡುಗಿ ಕೇಳಿದಳು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುವ ನಮಗೆ ಆ ಪ್ರಶ್ನೆಯಿಂದ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಮಳೆ ಹಿಡಿದು ಬಿಟ್ಟಿತು. ತೊರೆಯ ಅಂಚಿನ ಕಾಲುದಾರಿಯಲ್ಲಿ ಸಾಲಾಗಿ ಬರುತ್ತಿದ್ದೆವು. ಎಂಟನೆಯ ತರಗತಿಯ ಬಾಲಕನೊಬ್ಬ ಜಾರುವ ಜಾಗದಲ್ಲಿ ಆಸರೆಗೆಂದು ಪಕ್ಕದ ಬಂಡೆಯ ಕಡೆ ಕೈ ಚಾಚುತ್ತಿದ್ದ. "ನಿಲ್ಲಿ" ಎಂದರು ಅಜ್ಜ, ಮೆಲ್ಲನೆಯ ದನಿಯಲ್ಲಿ. ಇಡೀ ಸಾಲು ನಿಂತಿತು. ಬಾಲಕನ ಕೈ ಗಾಳಿಯಲ್ಲೇ ನಿಂತಿತು. ಅವನ ಬೆರಳುಗಳಿಂದ ಎರಡು ಅಡಿ ದೂರದಲ್ಲಿ, ಪಾಚಿಯ ಬಣ್ಣದ್ದೇ ಆದ ಮಲಬಾರ್ ಗುಳಿಮಂಡಲ ಸುರುಳಿ ಸುತ್ತಿ ಮಲಗಿತ್ತು. ಅವನು ಕಲಿತಂತೆ ಕೈಯನ್ನು ನಿಧಾನವಾಗಿ ಎದೆಗೆ ತಂದುಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟ. ಯಾರೂ ಚೀರಲಿಲ್ಲ, ಯಾರೂ ಕಲ್ಲು ಎತ್ತಲಿಲ್ಲ. ಹಾವು ತಲೆಯನ್ನೂ ಎತ್ತಲಿಲ್ಲ.

ದೂರ ಸರಿದು ನಿಂತು ಅದನ್ನು ಕಾಲು ಗಂಟೆ ನೋಡಿದೆವು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯಿಂದ ಅದು ಬೇಟೆಯ ಮೈಬಿಸಿಯನ್ನು ಅರಿಯುತ್ತದೆ. ಕಪ್ಪೆಯೋ ಇಲಿಯೋ ಬರುವವರೆಗೆ ಗಂಟೆಗಟ್ಟಲೆ ಕದಲದೆ ಕಾಯುತ್ತದೆ. ಅದರ ಈ ನಿಶ್ಚಲತೆಯೇ ಕೂಲಿಯಾಳುಗಳಿಗೆ ಅಪಾಯ, ಏಕೆಂದರೆ ಅದು ಕಾಲ ಸದ್ದಿಗೆ ಸರಿದುಹೋಗುವುದಿಲ್ಲ. ಅದರ ಕಡಿತದಿಂದ ಸಾವು ವಿರಳವಾದರೂ ನೋವು, ಬಾವು ವಿಪರೀತ. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ. ಗುಳಿಮಂಡಲದ ವಿಷಕ್ಕೆ ಅದರಲ್ಲಿ ಮದ್ದಿಲ್ಲ. ಅಲ್ಲಿ ಆ ಬಾಲಕನನ್ನು ಕಾಪಾಡಿದ್ದು ನಿಲ್ಲುವ ಅಭ್ಯಾಸ.

ಸಂಜೆ ಆರೂಕಾಲರ ಹೊತ್ತಿಗೆ ತೋಟದ ನೀರಿನ ತೊಟ್ಟಿಯ ಬಳಿ ಕೊನೆಯ ನಿಲುಗಡೆ. ತೊಟ್ಟಿಯ ಮೇಲಕ್ಕೆ ಬಾಗಿದ ಕೊಂಬೆಯ ಎಲೆಗಳಲ್ಲಿ ಬಿಳಿಯ ನೊರೆಯ ಗೂಡೊಂದು ತೂಗುತ್ತಿತ್ತು. ಮಲಬಾರ್ ಹಾರುಗಪ್ಪೆ ಹೀಗೆ ನೊರೆ ಕಡೆದು ಅದರೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಡೆದು ನೇರ ನೀರಿಗೆ ಬೀಳುತ್ತವೆ. ಕತ್ತಲು ಕವಿಯುತ್ತಲೇ ಪೊದೆಗಪ್ಪೆಗಳ ಟಿಕ್ ಟಿಕ್ ಸದ್ದು ಎಲ್ಲ ಕಡೆಯಿಂದ ಎದ್ದಿತು. ಏಳಕ್ಕೆ ಮೊದಲೇ ಬಸ್ಸು ಹೊರಟಿತು, ಒಂಬತ್ತಕ್ಕೆ ಮೊದಲೇ ಕಾಡು ದಾಟಿತು. ಮಕ್ಕಳ ಪಟ್ಟಿಯಲ್ಲಿ 19 ಬಗೆಯ ಜೀವಿಗಳಿದ್ದವು. ಅವುಗಳ ಪೈಕಿ ಎಂಟರ ಮುಂದೆ "ತಿಳಿಯದು" ಎಂದಿತ್ತು. ಕಾಳಿಂಗ ಸರ್ಪವಾಗಲಿ ನಕ್ಷತ್ರದ ಕಪ್ಪೆಯಾಗಲಿ ಕಾಣಲಿಲ್ಲ.

ಈಗ ಆ ತಾಯಂದಿರ ಪ್ರಶ್ನೆಗೆ ಬರುತ್ತೇವೆ. 2019ರ ನವೆಂಬರಿನಲ್ಲಿ ಇದೇ ವಯನಾಡಿನ ಶಾಲೆಯೊಂದರ ತರಗತಿಯ ಕೋಣೆಯಲ್ಲಿಯೇ ಹಾವು ಕಚ್ಚಿ ಐದನೆಯ ತರಗತಿಯ ಬಾಲಕಿಯೊಬ್ಬಳು ತೀರಿಕೊಂಡಳು. ಹತ್ತು ವರ್ಷದ ಮಗು. ಕೋಣೆಯಲ್ಲಿ ಬಿಲವಿತ್ತು. ಚಿಕಿತ್ಸೆ ದೊರೆಯುವಲ್ಲಿ ಆದ ವಿಳಂಬದ ಕುರಿತು ಕೇರಳವೆಲ್ಲ ಕಂಬನಿ ಮಿಡಿಯಿತು, ಪ್ರಶ್ನೆ ಕೇಳಿತು. ಯಾರ ಹೊಣೆ ಎಷ್ಟು ಎಂದು ಇಲ್ಲಿ ನಿಂತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಆ ಸುದ್ದಿ ಓದಿದ ಯಾವ ಶಾಲೆಯ ಮುಖ್ಯಸ್ಥರಿಗೂ ಅಂದು ರಾತ್ರಿ ನಿದ್ದೆ ಬಂದಿರಲಾರದು. ನಮ್ಮ ಕೋಣೆಗಳ ನೆಲ ಹೇಗಿದೆ? ಮಗು "ಏನೋ ಕಚ್ಚಿತು" ಎಂದರೆ ಆ ಮಾತನ್ನು ಒಡನೆಯೇ ನಂಬುವವರು ಯಾರು? ವಾಹನ ಯಾರದು?

ಇದು ಒಂದು ಶಾಲೆಯ ಅಥವಾ ಒಂದು ಜಿಲ್ಲೆಯ ಸಂಕಟವಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಮೃತರಾದರು, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಗರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಕೇರಳದ ಅರಣ್ಯ ಇಲಾಖೆ 'ಸರ್ಪ' ಎಂಬ ಮೊಬೈಲ್ ಆ್ಯಪ್ ಮೂಲಕ ತರಬೇತಿ ಪಡೆದ ರಕ್ಷಕರನ್ನು ಮನೆಬಾಗಿಲಿಗೆ ಕಳುಹಿಸುತ್ತಿದೆ. ಸರಕಾರಗಳು ಮಾಡುವುದನ್ನು ಮಾಡಲಿ. ಹಾವು ಎದುರಾದ ಆ ಕ್ಷಣದಲ್ಲಿ ಮಗುವಿನ ಬಳಿ ಇರುವುದು ಅದರ ಕಲಿಕೆಯೊಂದೇ.

ಭಯ ಮಕ್ಕಳಿಗೆ ಎರಡನ್ನೇ ಕಲಿಸುತ್ತದೆ: ಓಡುವುದು, ಇಲ್ಲವೇ ಹೊಡೆಯುವುದು. ಎರಡೂ ಅಪಾಯಕರ. ಹಾವನ್ನು ಕೊಲ್ಲಲು ಹೋಗಿ ಕಚ್ಚಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ನೋಡಿ ತಿಳಿದ ಮಗು ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ದೊಡ್ಡವರಿಗೆ ಹೇಳುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲು ಸಾಧ್ಯವಾಗಿದ್ದರೆ ನಾವು ಅಷ್ಟು ದೂರ ಹೋಗುತ್ತಿರಲಿಲ್ಲ. ತಾಯಂದಿರೇ, ನಿಮ್ಮ ಮಕ್ಕಳನ್ನು ಹಾವಿನ ಬಳಿಗೆ ಕರೆದೊಯ್ದದ್ದು ಅವರು ಹಾವಿನಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಕಲಿಯಲಿ ಎಂದು.

ಈ ಕಲಿಕೆಗೆ ಇನ್ನೊಂದು ಮುಖವೂ ಇದೆ. ಜಗತ್ತಿನ ಕಪ್ಪೆ ಮೊದಲಾದ ಉಭಯವಾಸಿಗಳಲ್ಲಿ ನೂರಕ್ಕೆ ಸುಮಾರು 41 ಪ್ರಭೇದಗಳು ಅಳಿವಿನ ಅಂಚಿಗೆ ಸರಿಯುತ್ತಿವೆ ಎಂದು 2023ರ ಜಾಗತಿಕ ಸಮೀಕ್ಷೆ ತಿಳಿಸಿದೆ. ಒಂದೇ ಬೆಟ್ಟವನ್ನು ನಂಬಿ ಬದುಕುವ ಕಪ್ಪೆಗೆ ಆ ಬೆಟ್ಟ ಹೋದರೆ ಬೇರೆ ಊರಿಲ್ಲ. ನಮ್ಮ ಹೊಲಗಳಲ್ಲಿ ಕೇರೆಹಾವು ಇಲಿಗಳನ್ನು, ಕಪ್ಪೆ ಕೀಟಗಳನ್ನು ತಿನ್ನುವುದು ಕೂಲಿಯಿಲ್ಲದ ಸೇವೆ. ಅಂದು ನಮ್ಮೊಡನೆ ಬಂದಿದ್ದ ಪೋಷಕರಲ್ಲಿ ಶುಂಠಿ ಬೆಳೆಯುವ ರೈತರೊಬ್ಬರು ಕಳೆದ ತಿಂಗಳು ಶಾಲೆಗೆ ದೂರವಾಣಿ ಮಾಡಿ, "ಉಗ್ರಾಣದಲ್ಲಿ ಕೇರೆ ಬಂದಿತ್ತು ಮೇಡಂ, ಬಾಗಿಲು ತೆರೆದಿಟ್ಟೆ, ತಾನೇ ಹೋಯಿತು" ಎಂದು ಹೇಳಿದರು. ಆ ಮಾತನ್ನು ನಮ್ಮ ಶಾಲೆಯ ದಿನಚರಿಯಲ್ಲಿ ಬರೆದಿಟ್ಟಿದ್ದೇವೆ.

ಕೊನೆಯದಾಗಿ, ಶತಮಾನೋತ್ಸವದ ಈ ವರ್ಷ ಶಾಲೆ ಕೈಗೊಂಡಿರುವ ಕೆಲಸಗಳನ್ನು ತಿಳಿಸಿ ನಿಮ್ಮ ಸಹಕಾರ ಕೋರುತ್ತೇವೆ. ಎಲ್ಲ ಕೋಣೆಗಳ ನೆಲ, ಗೋಡೆಗಳ ಬಿರುಕು, ಬಿಲಗಳನ್ನು ಸಿಮೆಂಟಿನಿಂದ ಮುಚ್ಚಿಸಿದ್ದೇವೆ. ಪ್ರತಿ ರಜೆಯ ನಂತರ ಮತ್ತೆ ಪರೀಕ್ಷೆಯಾಗುತ್ತದೆ. ಆವರಣದಲ್ಲಿ ಇಟ್ಟಿಗೆ, ಸೌದೆಗಳ ರಾಶಿ ಉಳಿದಿಲ್ಲ. ಪ್ರತಿವಿಷವಿರುವ ಆಸ್ಪತ್ರೆಯ ಹೆಸರು, ದಾರಿ, ವಾಹನಕ್ಕೆ ಕರೆಯಬೇಕಾದ ಸಂಖ್ಯೆ ಪ್ರತಿ ಕೋಣೆಯ ಬಾಗಿಲ ಹಿಂದೆ ಇದೆ. "ಏನೋ ಕಚ್ಚಿತು" ಎಂದ ಮಗುವನ್ನು ಕಾಯಿಸದೆ ಕರೆದೊಯ್ಯುವ ಅಧಿಕಾರ ಯಾವ ಶಿಕ್ಷಕರಿಗೂ ಇದೆ. ನಮ್ಮ ಅಪ್ಪಣೆಗಾಗಿ ಅವರು ಕಾಯಬೇಕಾಗಿಲ್ಲ.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಕತ್ತಲಲ್ಲಿ ಹೊರಗೆ ಹೋಗುವ ಮಗುವಿನ ಕಾಲಿಗೆ ಚಪ್ಪಲಿ, ಕೈಗೆ ಟಾರ್ಚು ಇರಲಿ. ಕಟ್ಟುಹಾವು ರಾತ್ರಿ ಮನೆಯೊಳಗೆ ಬರುತ್ತದೆ. ಅದರ ಕಡಿತಕ್ಕೆ ನೋವೂ ಬಾವೂ ಇಲ್ಲದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು ಕಂಡರೆ ಅಲಕ್ಷಿಸಬೇಡಿ. ಮಕ್ಕಳನ್ನು ನೆಲದ ಮೇಲೆ ಮಲಗಿಸದೆ ಮಂಚದ ಮೇಲೆ ಸೊಳ್ಳೆಪರದೆಯೊಳಗೆ ಮಲಗಿಸಿ. ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಬಳೆ, ಗೆಜ್ಜೆ, ಉಂಗುರ ತೆಗೆದು, ಕಚ್ಚಿದ ಕೈ ಕಾಲು ಅಲುಗಾಡದಂತೆ ಇಟ್ಟು, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ನಾಟಿ ಮದ್ದು, ಮಂತ್ರಗಳಿಗೆ ಕಳೆದ ಗಂಟೆ ಮರಳಿ ಬರುವುದಿಲ್ಲ.

ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಶತಮಾನೋತ್ಸವದ ಕಾಣಿಕೆಯಾಗಿ ಏನು ಕೊಡೋಣ ಎಂದು ನೀವು ಕೇಳುತ್ತಿದ್ದೀರಿ. ನಮ್ಮ ಶಾಲೆಗೆ ಬರಿಗಾಲಲ್ಲಿ ಬರುವ ಮಕ್ಕಳು ಇನ್ನೂ ಇದ್ದಾರೆ. ಅವರಿಗೆ ಕಾಲು ಮುಚ್ಚುವ ಬೂಟುಗಳನ್ನು ಕೊಡಿಸಿ. ಜೊತೆಗೆ ನಾಲ್ಕು ದುರ್ಬೀನುಗಳನ್ನು ಕೊಡಿ. ವಯನಾಡಿನಲ್ಲಿ 24 ಮಕ್ಕಳಿಗೆ ಎರಡೇ ಇದ್ದವು. ಮಕ್ಕಳ ಪಟ್ಟಿಯಲ್ಲಿ "ತಿಳಿಯದು" ಎಂದು ಉಳಿದಿರುವ ಆ ಎಂಟು ಹೆಸರುಗಳನ್ನು ಮುಂದಿನ ಮಳೆಗಾಲದಲ್ಲಿ ತುಂಬುವ ಯತ್ನ ಮಾಡುತ್ತೇವೆ.